ಅಮ್ಮ ಕಣ್ಣು ಮಿಟುಕಿಸಿದ್ದು: ಜೀವನ್ ಪ್ರಮಾಣ್ ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮಮ್ಮನಿಗೆ ಕಣ್ಣು ಮಿಟುಕಿಸು ಅಂದರೆ ಮುಚ್ಚಿಕೊಂಡು ಕೂತುಬಿಡುತ್ತಾರೆ. ತೆಗೆಯೋದೇ ಇಲ್ಲ. "ಕಣ್ಣು ಬಿಡಮ್ಮ" ಅಂದರೆ ಬಿಡುತ್ತಾರೆ, ಆಮೇಲೆ ಮುಚ್ಚೋದೇ ಇಲ್ಲ. ಫೋನ್ ಹಿಡಿದ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಾರೆ. ಈ ಸಲ ಮೂರನೇ ಪ್ರಯತ್ನಕ್ಕೆ ಆ್ಯಪ್ ಅಮ್ಮನ ಮುಖ ಒಪ್ಪಿ, ಪರದೆಯ ಮೇಲಿನ ಉಂಗುರ ಹಸಿರಾಯಿತು. ಶುರುವಿನಿಂದ ಕೊನೆವರೆಗೆ ಹನ್ನೊಂದು ನಿಮಿಷ. ನಾನು ಗಡಿಯಾರ ನೋಡಿಕೊಂಡೇ ಇದ್ದೆ. 12.20ರ ಬಸ್ಸು ತಪ್ಪಿದರೆ ನಮ್ಮ ದಾರಿಗೆ ಇನ್ನೊಂದು ಬಸ್ಸು ಬರೋದು ಮೂರು ಗಂಟೆಗೆ.

ನಾನು ಹಾಸನದ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಅಮ್ಮ ಇರೋದು ಸಕಲೇಶಪುರದಿಂದ ಹಾನಬಾಳು ಕಡೆ ಹೋಗುವ ದಾರಿಯಲ್ಲಿ, ಹಳೇ ಹೆಂಚಿನ ಮನೆಯಲ್ಲಿ. ವಯಸ್ಸು 82. ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ಅವರು ತೀರಿಹೋದ ಮೇಲೆ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತಿದೆ. ಅದು ತಪ್ಪದೆ ಬರಬೇಕಾದರೆ ವರ್ಷಕ್ಕೊಂದು ಸಲ ಅಮ್ಮ ಬದುಕಿದ್ದಾರೆ ಅಂತ ತೋರಿಸಬೇಕು. ಇದಕ್ಕೆ ಲೈಫ್ ಸರ್ಟಿಫಿಕೇಟ್ ಅನ್ನುತ್ತಾರೆ. ಅದನ್ನು ಮನೆಯಿಂದಲೇ ಫೋನಿನಲ್ಲಿ ಕೊಡುವ ವ್ಯವಸ್ಥೆಗೆ ಜೀವನ್ ಪ್ರಮಾಣ್ ಅಂತ ಹೆಸರು. 2022ರಿಂದ ನಾನೇ ಮಾಡಿಕೊಡುತ್ತಿದ್ದೇನೆ. ನಾಲ್ಕು ವರ್ಷ ಬಳಸಿದ ಮೇಲೆ ಒಂದು ಅಭಿಪ್ರಾಯ ಬರೆಯಬಹುದು ಅನ್ನಿಸಿತು. ಸೀರೆ ಒಗೆದ ಮೇಲೆ ತಾನೇ ಬಣ್ಣ ಗೊತ್ತಾಗೋದು?

ಮೊದಲು ಹೇಗಿತ್ತು ಅಂತ ಹೇಳದಿದ್ದರೆ ಇದರ ಬೆಲೆ ತಿಳಿಯುವುದಿಲ್ಲ. ನವೆಂಬರ್ ಬಂತು ಅಂದರೆ ಬ್ಯಾಂಕಿನಲ್ಲಿ ಮುದುಕರ ಜಾತ್ರೆ. ಬೆಂಚು ಎರಡು, ಜನ ನಲವತ್ತು. ಅಮ್ಮ ಬೆಳಿಗ್ಗೆ ಆರಕ್ಕೇ ಎದ್ದು, ಒಳ್ಳೇ ಸೀರೆ ಉಟ್ಟು, ಪಿಪಿಓ ಪುಸ್ತಕವನ್ನು, ಅಂದರೆ ಪೆನ್ಷನ್ ಮಂಜೂರಾದ ಆದೇಶವನ್ನು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರೆಡಿಯಾಗುತ್ತಿದ್ದರು. ಆಟೋದಲ್ಲಿ ಸಕಲೇಶಪುರ. ಅಲ್ಲಿ ಅಧಿಕಾರಿಯ ಎದುರು ಸಹಿ. ಅವರು ಒಮ್ಮೆ ಅಮ್ಮನ ಮುಖ ನೋಡಿ, ಒಮ್ಮೆ ಫೋಟೋ ನೋಡಿ, ಸೀಲು ಹಾಕುತ್ತಿದ್ದರು. ಅಷ್ಟೇ ಕೆಲಸ. ಅದಕ್ಕೆ ಆಟೋ ಬಾಡಿಗೆ 300, ಹೋಟೆಲಿನಲ್ಲಿ ಇಡ್ಲಿ ಕಾಫಿ, ನನ್ನ ಒಂದು ದಿನದ ಸಂಬಳ ಕಟ್. ರಾತ್ರಿ ಅಮ್ಮನ ಮಂಡಿಗೆ ಎಣ್ಣೆ ನೀವೋದು ಬೇರೆ.

ಜೀವನ್ ಪ್ರಮಾಣ್ ಶುರುವಾಗಿದ್ದು 2014ರ ನವೆಂಬರ್ 10ರಂದು. ಆಗ ಬೆರಳಚ್ಚು ಇಲ್ಲವೇ ಕಣ್ಣಿನ ಪಾಪೆ ಕೊಡಬೇಕಿತ್ತು. ಒಂದು ವರ್ಷ ಅಮ್ಮನನ್ನು ಒಂದು ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಕೇಂದ್ರದ ಹುಡುಗ ಅಮ್ಮನ ಹೆಬ್ಬೆರಳು ಹಿಡಿದು ಗಾಜಿನ ಮೇಲೆ ಒತ್ತಿದ. ಕೆಂಪು ದೀಪ. ತೋರುಬೆರಳು. ಕೆಂಪು ದೀಪ. ಕೈ ತೊಳೆದುಕೊಂಡು ಬಂದದ್ದಾಯಿತು, ಸೆರಗಿನಲ್ಲಿ ಒರೆಸಿದ್ದಾಯಿತು, ಕೊನೆಗೆ ಅವನ ಹತ್ತಿರವಿದ್ದ ವ್ಯಾಸಲೀನ್ ಕೂಡ ಹಚ್ಚಿದ್ದಾಯಿತು. ಹತ್ತೂ ಬೆರಳು ಫೇಲು. ಐವತ್ತು ವರ್ಷ ಕಾಫಿ ಕುಯ್ದು, ಮೆಣಸು ಬಿಡಿಸಿ, ಬೂದಿ ಹಾಕಿ ಪಾತ್ರೆ ತಿಕ್ಕಿದ ಕೈ ಅದು. ಅದರಲ್ಲಿ ಗೆರೆ ಎಲ್ಲಿಂದ ಬರಬೇಕು? ಅವನದೂ ತಪ್ಪಿಲ್ಲ. ಆದರೆ "ನಿಮಗೆ ಬೆರಳೇ ಇಲ್ಲ ಅಜ್ಜಿ" ಅಂದುಬಿಟ್ಟ. ಅಮ್ಮ ದಾರಿಯುದ್ದಕ್ಕೂ ಕೈ ನೋಡಿಕೊಂಡೇ ಬಂದರು. ಮತ್ತೆ ಬ್ಯಾಂಕಿನ ಬೆಂಚಿಗೇ ಹೋದೆವು.

ಈ ಕಾರಣಕ್ಕೇ 2021ರ ನವೆಂಬರ್‌ನಲ್ಲಿ ಮುಖ ತೋರಿಸುವ ವ್ಯವಸ್ಥೆ ಬಂದಾಗ ನನಗೆ ಆಸೆ ಹುಟ್ಟಿತು. ಬೆರಳು ಸವೆದರೂ ಮುಖ ಇದೆಯಲ್ಲ. ಮಿಷನ್ ಬೇಕಿಲ್ಲ, ಆಂಡ್ರಾಯ್ಡ್ ಫೋನಿನ ಕ್ಯಾಮೆರಾ ಸಾಕು. ಮುಂದಿನ ನವೆಂಬರ್‌ಗೆ ನಾನೇ ಮಾಡೋಣ ಅಂತ ಕೂತೆ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಆ್ಯಪ್ ಹಾಕಿಕೊಳ್ಳಬೇಕು. ಒಂದು ಜೀವನ್ ಪ್ರಮಾಣ್‌ದು, ಇನ್ನೊಂದು ಆಧಾರ್ ಫೇಸ್ ಆರ್‌ಡಿ ಅಂತ. ಈ ಎರಡನೆಯದಕ್ಕೆ ತೆರೆಯುವ ಗುಂಡಿಯೇ ಇರುವುದಿಲ್ಲ. ಅದು ಹಿಂದೆ ಕೂತು ಕೆಲಸ ಮಾಡುತ್ತದೆ. ನನಗಿದು ಗೊತ್ತಿರಲಿಲ್ಲ. ಹಾಕಿಕೊಂಡೆ, ಎಲ್ಲೂ ಕಾಣಲಿಲ್ಲ, ತೆಗೆದೆ, ಮತ್ತೆ ಹಾಕಿದೆ. ಅರ್ಧ ಗಂಟೆ ಇದೇ ಆಟ. ನೀವು ಹುಡುಕಬೇಡಿ, ಅದು ಅಲ್ಲೇ ಇರುತ್ತದೆ, ಅಡುಗೆಮನೆಯ ಜಿರಳೆ ಹಾಗೆ.

ಆಮೇಲೆ ಫೋನ್ ಹಿಡಿದವರು ಯಾರು ಅಂತ ಮೊದಲು ಕೇಳುತ್ತದೆ. ಅಂದರೆ ನಾನು. ನನ್ನ ಆಧಾರ್, ಮೊಬೈಲ್, ಇಮೇಲ್, ಓಟಿಪಿ, ನನ್ನ ಮುಖ. ಇಷ್ಟಾದ ಮೇಲೆ ಪೆನ್ಷನ್‌ದಾರರ ಸರದಿ. ಅಮ್ಮನ ಆಧಾರ್, ಮೊಬೈಲ್ ನಂಬರು, ಓಟಿಪಿ. ಹೆಸರು, ಪೆನ್ಷನ್ ಯಾವ ಬಗೆಯದು, ಮಂಜೂರು ಮಾಡಿದವರು ಯಾರು, ಹಂಚುವವರು ಯಾರು, ಪಿಪಿಓ ನಂಬರು, ಬ್ಯಾಂಕ್ ಖಾತೆ ನಂಬರು. ಕೊನೆಗೆ ಮುಖ. ಮುಗಿದರೆ ಪ್ರಮಾಣ್ ಐಡಿ ಅಂತ ಒಂದು ನಂಬರು ಬರುತ್ತದೆ. ಕಾಗದ ಎಲ್ಲಿಗೂ ಒಯ್ಯಬೇಕಿಲ್ಲ. ಬ್ಯಾಂಕಿನವರು ಅವರ ಕಂಪ್ಯೂಟರಿನಲ್ಲೇ ಅದನ್ನು ನೋಡಿಕೊಳ್ಳುತ್ತಾರೆ.

ಓದಲು ಎರಡು ನಿಮಿಷ. ಮೊದಲ ವರ್ಷ ನನಗೆ ಹಿಡಿದದ್ದು ಒಂದೂವರೆ ದಿನ.

ಒಂದು ಕಾರಣ ಬ್ಯಾಂಕಿನ ಹೆಸರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳ ಜೊತೆ ಸೇರಿಹೋದವು. ಅಮ್ಮನ ಖಾತೆ ಈ ಮೂರರಲ್ಲಿ ಒಂದರದ್ದು. ಪಾಸ್‌ಬುಕ್ಕಿನಲ್ಲಿ ಹಳೇ ಹೆಸರು. ಅಮ್ಮನ ಬಾಯಲ್ಲೂ ಹಳೇ ಹೆಸರೇ. ನಾನೂ ಅದನ್ನೇ ಪಟ್ಟಿಯಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಇಲ್ಲದ ಬ್ಯಾಂಕು ಸಿಗುತ್ತದಾ? ಕೊನೆಗೆ ಏನೋ ಒಂದು ಒತ್ತಿದೆ. ಮಂಜೂರು ಮಾಡಿದವರ ಜಾಗದಲ್ಲೂ ತಪ್ಪು ಒತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಪ್ರಮಾಣ್ ಐಡಿ ಬಂತು, ಖುಷಿಯಾಗಿ ಊರಿಗೆಲ್ಲ ಹೇಳಿದೆ. ಒಂದು ವಾರ ಬಿಟ್ಟು ವೆಬ್‌ಸೈಟಿನಲ್ಲಿ ನೋಡಿದರೆ ಅದು ಒಪ್ಪಿಗೆಯಾಗಿರಲಿಲ್ಲ. ತಪ್ಪು ನನ್ನದೇ. ಅಪ್ಪನ ಪಿಪಿಓ ತೆಗೆದು ಸರಿಯಾಗಿ ಓದಿದ್ದರೆ ಎಲ್ಲಾ ಅದರಲ್ಲೇ ಇತ್ತು. ಮತ್ತೆ ಹೊಸದಾಗಿ ಮಾಡಿದೆ, ಸರಿಹೋಯಿತು. ಐಡಿ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಾಲ್ಕು ದಿನ ಬಿಟ್ಟು ಒಮ್ಮೆ ನೋಡಿ. ಸೀರೆ ಕಳಿಸಿದ್ದೇವೆ ಅಂತ ಬಿಲ್ ಬಂದರೆ ನಮ್ಮ ಅಂಗಡಿಯಲ್ಲಿ ಯಾರೂ ದುಡ್ಡು ಕೊಡೋದಿಲ್ಲ, ಬಂಡಲ್ ಬಿಚ್ಚಿ ಎಣಿಸಿದ ಮೇಲೇ.

ಇನ್ನೊಂದು ಕಾರಣ ಬೆಳಕು. ಮಲೆನಾಡಿನ ಮನೆ ಗೊತ್ತಲ್ಲ, ನಡುಮನೆಯಲ್ಲಿ ಹಗಲೂ ಕತ್ತಲೆ. ಮೇಲೆ ಒಂದೇ ಒಂದು ಗಾಜಿನ ಹೆಂಚು. ಅದರ ಕೆಳಗೆ ಅಮ್ಮನನ್ನು ಕೂರಿಸಿದೆ. ಬೆಳಕು ನೆತ್ತಿಗೆ ಬಿತ್ತು, ಕಣ್ಣು ಗುಳಿಯಾಗಿ ಕಂಡವು, ಆ್ಯಪ್ ಒಪ್ಪಲಿಲ್ಲ. ಜಗಲಿಗೆ ಬಂದೆವು. ಅಲ್ಲಿ ಬೆಳಕು ಚೆನ್ನ, ಆದರೆ ನೆಟ್‌ವರ್ಕ್ ಇಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಕಾಫಿ ಕಣದ ಆ ತುದಿಯಲ್ಲಿ, ಹಲಸಿನ ಮರದ ಹತ್ತಿರ. ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಅಲ್ಲಿಗೆ ಹೋದೆವು. ಜಿನುಗು ಮಳೆ. ಪಕ್ಕದ ಮನೆ ಹುಡುಗ ಕೊಡೆ ಹಿಡಿದ. ಕರೀ ಕೊಡೆ, ಮುಖ ಕಪ್ಪು. ಕೊಡೆ ತೆಗೆದರೆ ಕನ್ನಡಕದ ಮೇಲೆ ಹನಿ. ಕನ್ನಡಕ ತೆಗೆದರೆ ಅಮ್ಮನಿಗೆ ಫೋನೇ ಕಾಣಲ್ಲ, "ಎಲ್ಲಿ ನೋಡ್ಲೇ?" ಅಂತಾರೆ. ಕೊನೆಗೆ ಮಳೆ ಹೊಳವಾಗುವವರೆಗೆ ಕಾದೆವು. ಹೊಳವಾದದ್ದೇ ತಡ, ಒಂದೇ ಸಲಕ್ಕೆ ಹಸಿರು.

ಇದನ್ನು ಆ್ಯಪಿನ ದೋಷ ಅಂತ ಹೇಳುತ್ತಿಲ್ಲ. ಆದರೆ ಇಂಥದ್ದನ್ನು ಮಾಡುವವರು ಒಂದು ಸಲ ಹೆಂಚಿನ ಮನೆಯಲ್ಲಿ, ಮಳೆಗಾಲದಲ್ಲಿ, ಎಂಬತ್ತು ದಾಟಿದವರ ಜೊತೆ ಕೂತು ಮಾಡಿ ನೋಡಿದರೆ ಚೆನ್ನ ಅಲ್ವಾ. "ಮುಖಕ್ಕೆ ಬೆಳಕು ಎದುರಿನಿಂದ ಬೀಳಲಿ, ಕನ್ನಡಕ ತೆಗೆಯಿರಿ, ನಾವು ಹೇಳಿದಾಗ ಒಂದೇ ಸಲ ರೆಪ್ಪೆ ಬಡಿಯಿರಿ" ಅಂತ ದೊಡ್ಡದಾಗಿ ಕನ್ನಡದಲ್ಲಿ ಯಾರಾದರೂ ಓದಿ ಹೇಳುವಂತಿದ್ದರೆ ಅಮ್ಮ ನನ್ನ ಮಾತಿಗಿಂತ ಅದನ್ನೇ ಜಾಸ್ತಿ ಕೇಳುತ್ತಾರೆ. ಮಕ್ಕಳ ಮಾತು ಯಾರು ಕೇಳುತ್ತಾರೆ?

ಈಗ ನಮ್ಮ ಮನೆಯ ಮೆಚ್ಚಿನ ಪ್ರಶ್ನೆಗೆ ಬರುತ್ತೇನೆ. ಅರ್ಜಿಯ ಮಧ್ಯೆ ಎರಡು ವಿಷಯ ಕೇಳುತ್ತಾರೆ. ಮತ್ತೆ ಕೆಲಸಕ್ಕೆ ಸೇರಿದ್ದೀರಾ? ಮತ್ತೆ ಮದುವೆಯಾಗಿದ್ದೀರಾ? ಹೌದು ಅಥವಾ ಇಲ್ಲ ಒತ್ತಬೇಕು. ಮೊದಲ ವರ್ಷ ನಾನು ಯೋಚನೆ ಮಾಡದೆ ಜೋರಾಗಿ ಓದಿಬಿಟ್ಟೆ.

"ಯಾರಿಗೆ ಮದುವೆ?" ಅಂದರು ಅಮ್ಮ.

"ನಿಂಗೇ ಕಣಮ್ಮ. ಮತ್ತೆ ಆಗಿದ್ಯಾ ಅಂತ ಕೇಳ್ತಿದಾರೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗಂಡು ಅವ್ರೇ ನೋಡಿದಾರಂತಾ?" ಅಂದರು. ಕೊಡೆ ಹಿಡಿದ ಹುಡುಗ ನಕ್ಕು ನಕ್ಕು ಕೊಡೆ ಬಿಟ್ಟ.

ಪ್ರಶ್ನೆಗೆ ಕಾರಣವಿದೆ. ಮರುಮದುವೆಯಾದರೆ ಫ್ಯಾಮಿಲಿ ಪೆನ್ಷನ್‌ನ ಲೆಕ್ಕವೇ ಬೇರೆ. ಹಾಗೆ ಆದವರು, ಮತ್ತೆ ಕೆಲಸಕ್ಕೆ ಸೇರಿದವರು ಈ ದಾರಿಯಲ್ಲಿ ಸರ್ಟಿಫಿಕೇಟ್ ಕೊಡುವಂತಿಲ್ಲ, ಹಳೇ ಕ್ರಮದಲ್ಲೇ ಕೊಡಬೇಕು. ಎಲ್ಲಾ ಸರಿ. ಆದರೂ ಈಗ ಪ್ರತಿ ವರ್ಷ ಅಮ್ಮ ಅದಕ್ಕೇ ಕಾಯುತ್ತಾರೆ. ಈ ಸಲ ನಾನು ಬಸ್ಸಿನ ಗಡಿಬಿಡಿಯಲ್ಲಿ ಸುಮ್ನೆ "ಇಲ್ಲ" ಒತ್ತಿ ಮುಂದೆ ಹೋದರೆ, "ಅದು ಕೇಳ್ಲಿಲ್ವಾ ಈ ವರ್ಷ?" ಅಂತ ಬೇಜಾರು ಮಾಡಿಕೊಂಡರು.

ಅಪ್ಪನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಫೋನ್ ಹಿಡಿದಾಗಲೆಲ್ಲ ನನಗೆ ಅದೇ ನೆನಪು. ಆಗೆಲ್ಲ ವೃದ್ಧಾಪ್ಯ ವೇತನ ಮನಿಆರ್ಡರಿನಲ್ಲಿ ಬರುತ್ತಿತ್ತು. ಅಪ್ಪ ಅದನ್ನು ಎಸ್ಟೇಟ್ ಲೈನುಗಳಿಗೆ, ತೋಟದೊಳಗಿನ ಒಂಟಿ ಮನೆಗಳಿಗೆ ನಡೆದು ಹೋಗಿ ಕೊಡುತ್ತಿದ್ದರು. ಓದು ಬಾರದ ಅಜ್ಜಿಯ ಹೆಬ್ಬೆರಳು ಹಿಡಿದು ಮಸಿ ಹಚ್ಚಿ ಫಾರಂ ಮೇಲೆ ಒತ್ತಿಸಿ, ಪಕ್ಕದ ಮನೆಯವರ ಸಾಕ್ಷಿ ಸಹಿ ಹಾಕಿಸಿ, ದುಡ್ಡು ಎರಡು ಸಲ ಎಣಿಸಿ ಕೈಗಿಡುತ್ತಿದ್ದರು. ಅಜ್ಜಿ ಇಲ್ಲವಾಗಿದ್ದರೆ ಫಾರಂ ಮೇಲೆ ಮರಣ ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಆ ದಿನ ಮನೆಗೆ ಬಂದು ಊಟ ಕಮ್ಮಿ ಮಾಡುತ್ತಿದ್ದರು. ಅಂದರೆ ಬದುಕಿದ್ದಾರೋ ಇಲ್ಲವೋ ನೋಡುವ ಕೆಲಸ ಪೋಸ್ಟ್‌ಮ್ಯಾನ್‌ದೇ ಆಗಿತ್ತು. ಯಾರೂ ಅಜ್ಜಿಯ ಹತ್ತಿರ ಸರ್ಟಿಫಿಕೇಟ್ ಕೇಳಲಿಲ್ಲ. ಅಪ್ಪನಿಗೆ ಮುಖ ಗೊತ್ತಿತ್ತು.

ಅದಕ್ಕೇ ನನಗೆ ಈ ಸೇವೆ ಇಷ್ಟ. ಇಷ್ಟೆಲ್ಲ ಸುತ್ತು ಹೊಡೆದು ಸರ್ಕಾರ ಕೊನೆಗೆ ಮುಖ ನೋಡುವುದಕ್ಕೇ ವಾಪಸ್ ಬಂತು. ಅಮ್ಮ ಏನನ್ನೂ ತರಬೇಕಿಲ್ಲ, ಅವರೇ ಇದ್ದರೆ ಸಾಕು. ಜನರ ಹತ್ತಿರ ಎಷ್ಟು ಕಮ್ಮಿ ಕೇಳುತ್ತಾರೋ ಅಷ್ಟು ಸೇವೆ ಸಲೀಸು, ಇದು ನನ್ನ ಅಳತೆ. ಹಾಸನದಿಂದ ಸಕಲೇಶಪುರಕ್ಕೆ ಬರುವಾಗ ಕಂಡಕ್ಟರಿಗೆ ಆಧಾರ್ ತೋರಿಸುತ್ತೇನೆ, ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. 2023ರ ಜೂನ್ 11ರಿಂದ ಹೀಗೇ. ಫಾರಂ ಇಲ್ಲ, ಓಟಿಪಿ ಇಲ್ಲ. ಸೀಟು ಸಿಗೋದಿಲ್ಲ, ಅದು ಬೇರೆ ವಿಷಯ. ಹಾಸನಾಂಬೆಯ ಬಾಗಿಲು ತೆಗೆದಾಗಲಂತೂ ನಿಲ್ಲುವುದಕ್ಕೂ ಜಾಗ ಇರಲ್ಲ, ಅಂಗಡಿಯಲ್ಲೂ ರಜೆ ಸಿಗಲ್ಲ. ಅದಕ್ಕೇ ಅಮ್ಮನ ಕೆಲಸ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿಸುತ್ತೇನೆ. 80 ತುಂಬಿದ ಪೆನ್ಷನ್‌ದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಉಳಿದವರಿಗೆ ನವೆಂಬರ್ ತಿಂಗಳು.

ಆರ್‌ಡಿ ನಂಬರಿನದ್ದೂ ಇದೇ ಗುಣ. ತಂಗಿಯ ಮಗಳು ಸಿಇಟಿ ಅರ್ಜಿ ಹಾಕುವಾಗ ನೋಡಿದೆ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆ ನಂಬರು ಹಾಕಿದರೆ ಕಂಪ್ಯೂಟರೇ ಸರಿಯೋ ತಪ್ಪೋ ನೋಡಿಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಅದರ ಮೂರು ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿ ಸಹಿ ಹಾಕಿಸಲು ಅವರ ಮನೆ ಗೇಟಿನಲ್ಲಿ ನಾಯಿ ಬೊಗಳಿಸಿಕೊಂಡು ನಿಂತಿದ್ದೆ. ಪಹಣಿಯ ಕಥೆ ಹಳೆಯದು, ಎಲ್ಲರಿಗೂ ಗೊತ್ತು. ಭೂಮಿ ಯೋಜನೆ ಬಂದಾಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಅಚ್ಚು ಹಾಕಿದ ಪಹಣಿ ತಂದ ಅಪ್ಪ ಅದನ್ನು ಮದುವೆ ಪತ್ರಿಕೆ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದ್ದರು.

ಕೇಳೋದು ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಯಾವ ಪೋರ್ಟಲ್ ಅಂತ ಹೇಳಲ್ಲ. ಅಮ್ಮನ ಹೆಸರಿನ ಒಂದು ಅಕ್ಷರ ತಿದ್ದಿಸಬೇಕಿತ್ತು. ಆಧಾರ್ ನಂಬರು ಹಾಕಿದೆ, ಓಟಿಪಿ ಕೊಟ್ಟೆ. ಅಲ್ಲಿಗೆ ಅಮ್ಮ ಯಾರು ಅಂತ ಅವರಿಗೆ ಗೊತ್ತಾಯಿತು ತಾನೇ? ಇಲ್ಲ. ಹೆಸರು ಬರೆಯಿರಿ. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ವಿಳಾಸ ಬರೆಯಿರಿ. ಪಿನ್ ಕೋಡ್ ಹಾಕಿದ ಮೇಲೂ ಜಿಲ್ಲೆ ಯಾವುದು, ತಾಲ್ಲೂಕು ಯಾವುದು, ಹೋಬಳಿ ಯಾವುದು. ಆಧಾರ್ ಕಾರ್ಡಿನ ಫೋಟೋ ಹಾಕಿ. ಅದು ದೊಡ್ಡದಾಯಿತು, ಚಿಕ್ಕದು ಮಾಡಿ. ಮಾಡಿದೆ. ಈಗ ಮಸುಕಾಗಿದೆ, ಸ್ಪಷ್ಟವಾದದ್ದು ಹಾಕಿ. ಮುಕ್ಕಾಲು ಗಂಟೆ ಕೂತು ಎಲ್ಲಾ ತುಂಬಿಸಿದೆ.

ಕೊನೆಯಲ್ಲಿ ಎರಡು ಗುಂಡಿ, ಅಕ್ಕಪಕ್ಕ. ಒಂದರ ಮೇಲೆ "ಸಲ್ಲಿಸು". ಇನ್ನೊಂದರ ಮೇಲೆ "ಮರುಹೊಂದಿಸು". ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಫೋಟೋ ಸರಿಯಾಗಿ ಹೊಂದಿಲ್ಲವೇನೋ, ಮತ್ತೆ ಹೊಂದಿಸಿ ಕೊಡುತ್ತಾರೇನೋ ಅಂದುಕೊಂಡು ಎರಡನೆಯದನ್ನು ಒತ್ತಿದೆ. ಪೂರ್ತಿ ಅರ್ಜಿ ಖಾಲಿ. ಅಮ್ಮನ ಹೆಸರೂ ಇಲ್ಲ, ಹೋಬಳಿಯೂ ಇಲ್ಲ. ರೀಸೆಟ್ ಅಂತ ಇಂಗ್ಲಿಷಿನಲ್ಲಿದ್ದರೆ ನನಗೆ ಗೊತ್ತಾಗುತ್ತಿತ್ತು. "ಎಲ್ಲಾ ಅಳಿಸು" ಅಂತ ಕನ್ನಡದಲ್ಲಿದ್ದರೆ ನನ್ನ ಅಮ್ಮನಿಗೂ ಗೊತ್ತಾಗುತ್ತಿತ್ತು. ಮರುಹೊಂದಿಸು ಅನ್ನುವ ಮಾತನ್ನು ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ. ಅಳಿಸುವ ಗುಂಡಿ ಅಲ್ಲಿ ಬೇಕಾದರೂ ಯಾಕೆ ಅಂತ! ಅಷ್ಟು ಕಷ್ಟಪಟ್ಟು ತುಂಬಿಸಿ ಕೊನೆಗೆ ಎಲ್ಲಾ ಅಳಿಸೋಣ ಅಂತ ಯಾರಿಗೆ ಆಸೆಯಾಗುತ್ತದೆ? ಆ ದಿನ ಕಂಪ್ಯೂಟರ್ ಆಫ್ ಮಾಡಿ ಕಾಫಿ ಮಾಡಿಕೊಂಡು ಕುಡಿದೆ. ಆ ಅಕ್ಷರ ಇವತ್ತಿಗೂ ತಪ್ಪಾಗೇ ಇದೆ.

ಜೀವನ್ ಪ್ರಮಾಣ್ ಬಳಸುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಪಿಪಿಓ ಮತ್ತು ಪಾಸ್‌ಬುಕ್ಕು ಎದುರಿಗಿಟ್ಟುಕೊಂಡೇ ಕೂರಿ, ನೆನಪಿನಿಂದ ಹಾಕಬೇಡಿ. ಬ್ಯಾಂಕಿನ ಈಗಿನ ಹೆಸರು ತಿಳಿದುಕೊಳ್ಳಿ. ಮೊದಲ ಸಲ ಸರಿಯಾಗಿ ಆದದ್ದನ್ನು ಒಂದು ಕಡೆ ಬರೆದಿಡಿ. ನಾನು ಅಮ್ಮನ ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ. ವರ್ಷ ಮುಗಿದ ಮೇಲೆ ಅಮ್ಮ ಅದನ್ನು ಒಲೆಗೆ ಹಾಕಿದರು. ಈಗ ಫೋನಿನಲ್ಲೂ ಇದೆ, ನನ್ನ ಲೆಕ್ಕದ ಪುಸ್ತಕದಲ್ಲೂ ಇದೆ. ಹೋದ ವರ್ಷದ ಪ್ರಮಾಣ್ ಐಡಿ ಈ ವರ್ಷಕ್ಕೆ ಬರುವುದಿಲ್ಲ, ಪ್ರತಿ ವರ್ಷ ಹೊಸದು. ರಾಜ್ಯ ಸರ್ಕಾರದ ಅಥವಾ ಬೇರೆ ಸಂಸ್ಥೆಯ ಪೆನ್ಷನ್ ಆದರೆ ಅವರು ಇದನ್ನು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಅಕಸ್ಮಾತ್ ನವೆಂಬರ್ ತಪ್ಪಿಹೋಯಿತು ಅಂದರೂ ಗಾಬರಿ ಬೇಡ. ಪೆನ್ಷನ್ ನಿಲ್ಲುತ್ತದೆ, ಆದರೆ ಕೊಟ್ಟ ಮೇಲೆ ನಿಂತ ತಿಂಗಳುಗಳದ್ದೂ ಸೇರಿ ಬರುತ್ತದೆ.

ಫ್ಯಾಕ್ಟರಿಯಲ್ಲಿ ದುಡಿದು ಪಿಎಫ್ ಪೆನ್ಷನ್ ತಗೊಳ್ಳುವವರಿಗೆ ನವೆಂಬರ್‌ನ ಹಂಗೇ ಇಲ್ಲ. ಅವರು ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಹಾಸನದಲ್ಲಿ ನಮ್ಮ ಮನೆಯ ಮಹಡಿಯಲ್ಲಿರುವ ಯಜಮಾನರಿಗೆ ಇದು ಗೊತ್ತೇ ಇರಲಿಲ್ಲ. ಪ್ರತಿ ನವೆಂಬರ್ ಎಲ್ಲರ ಜೊತೆ ಕ್ಯೂ ನಿಲ್ಲುತ್ತಿದ್ದರು. ಹೇಳಿದರೆ "ಕ್ಯೂನಲ್ಲಿ ಹಳೇ ಸ್ನೇಹಿತರು ಸಿಗ್ತಾರಮ್ಮ" ಅಂದರು. ಅದಕ್ಕೆ ಆ್ಯಪ್ ಇಲ್ಲ.

ಇನ್ನೊಂದು ಎಚ್ಚರಿಕೆ. ಈ ಸೀಸನ್ನಿನಲ್ಲಿ "ನಿಮ್ಮ ಲೈಫ್ ಸರ್ಟಿಫಿಕೇಟ್ ನಾವೇ ಮಾಡ್ತೀವಿ, ಓಟಿಪಿ ಹೇಳಿ" ಅಂತ ಫೋನ್ ಮಾಡುವ ಕಳ್ಳರಿದ್ದಾರೆ. ಪೆನ್ಷನ್ ಕಚೇರಿಯವರು ಯಾರೂ ಹಾಗೆ ಓಟಿಪಿ ಕೇಳುವುದಿಲ್ಲ. ದುಡ್ಡು ಹೋಯಿತು ಅನ್ನಿಸಿದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಅಮ್ಮನಿಗೆ ಒಂದು ಕರೆ ಬಂದಿತ್ತು. ಹಿಂದಿಯಲ್ಲಿ ಮಾತಾಡಿದರಂತೆ. ಅಮ್ಮ ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಂಡಿನೋವಿನ ಬಗ್ಗೆ ಹೇಳಿದ ಮೇಲೆ ಆ ಕಡೆಯವರೇ ಇಟ್ಟರಂತೆ.

ಮಕ್ಕಳು ಹತ್ತಿರ ಇಲ್ಲದವರು, ಫೋನ್ ಇಲ್ಲದವರು ಏನು ಮಾಡಬೇಕು? ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, 70 ರೂಪಾಯಿಗೆ. ಅಮ್ಮನ ಮನೆಯ ಕೆಳಗಿನ ತಿರುವಿನಲ್ಲಿರುವ ನಿವೃತ್ತ ಮೇಷ್ಟ್ರಿಗೆ ಹೀಗೇ ಆಯಿತು. ನಾನು ಆಗ ಅಲ್ಲೇ ಇದ್ದೆ. ಹೆಗಲಿಗೆ ಚೀಲ, ಕೈಯಲ್ಲಿ ಫೋನು. ಮೇಷ್ಟ್ರನ್ನು ಬಾಗಿಲ ಕಡೆ ತಿರುಗಿಸಿ ಕೂರಿಸಿ, "ಸಾರ್, ಒಂದ್ಸಲ ರೆಪ್ಪೆ ಹೊಡೀರಿ" ಅಂದ ಹುಡುಗ. ಬೆಳಕು ಎಲ್ಲಿಂದ ಬರಬೇಕು ಅಂತ ಅವನಿಗೆ ಗೊತ್ತಿತ್ತು. ನಾಲ್ಕೇ ನಿಮಿಷ. ನನಗೆ ಹೊಟ್ಟೆಕಿಚ್ಚಾಯಿತು. 70 ರೂಪಾಯಿ ಖಂಡಿತ ಜಾಸ್ತಿಯಲ್ಲ.

ನನ್ನ ಅಂಕ ಐದಕ್ಕೆ ನಾಲ್ಕೂಕಾಲು. ಎರಡು ಆ್ಯಪ್ ಬದಲು ಒಂದೇ ಇದ್ದಿದ್ದರೆ ಕಾಲು ಜಾಸ್ತಿ ಕೊಡುತ್ತಿದ್ದೆ. ಪಿಪಿಓ ನಂಬರು ಹಾಕಿದ ಕೂಡಲೇ ಮಂಜೂರು ಮಾಡಿದವರು, ಹಂಚುವವರು ಎಲ್ಲಾ ತಾನೇ ಬಂದರೆ ಉಳಿದ ಅರ್ಧವನ್ನೂ ಕೊಡುತ್ತೇನೆ. ಪೆನ್ಷನ್ ಕೊಡುತ್ತಿರುವವರು ಅವರೇ, ಯಾರು ಕೊಡುತ್ತಿದ್ದಾರೆ ಅಂತ ನನ್ನನ್ನು ಯಾಕೆ ಕೇಳಬೇಕು?

ಈ ಸಲ ಹಸಿರು ಉಂಗುರ ಬಂದ ಮೇಲೆ ಅಮ್ಮ ಕೈ ಚಾಚಿದರು. "ಕಾಗದ ಎಲ್ಲಿ?" ಕಾಗದ ಇರಲ್ಲಮ್ಮ, ಬ್ಯಾಂಕಿಗೆ ತಾನೇ ಹೋಗುತ್ತೆ ಅಂದೆ. ನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ನಾಲ್ಕು ವರ್ಷದಿಂದ ಅವರು ನಂಬುತ್ತಿಲ್ಲ. ಅವರ ಅನುಮಾನಕ್ಕೂ ಕಾರಣವಿದೆ. ಎರಡು ವರ್ಷದ ಹಿಂದೆ ಕೌಂಟರಿನಲ್ಲಿ ಒಬ್ಬರು, ಕಾಗದ ಇಲ್ಲದೆ ಏನೂ ಮಾಡಕ್ಕಾಗಲ್ಲ ಅಂತ ಅಮ್ಮನನ್ನು ವಾಪಸ್ ಕಳಿಸಿದ್ದರು. ಮಾರನೇ ದಿನ ನಾನು ಹೋಗಿ ಪ್ರಮಾಣ್ ಐಡಿ ಹೇಳಿದೆ. ಕಂಪ್ಯೂಟರಿನಲ್ಲಿ ಹಾಕಿ ನೋಡಿ, "ಓ, ಬಂದಿದೆ" ಅಂದರು. ಒಂದು ಸಲ ಹೀಗಾದರೆ ಮುದುಕರು ಹತ್ತು ವರ್ಷ ಮರೆಯುವುದಿಲ್ಲ.

ಹಾಗಾಗಿ ಸಕಲೇಶಪುರದ ಬಸ್‌ಸ್ಟ್ಯಾಂಡ್ ಹತ್ತಿರ 10 ರೂಪಾಯಿ ಕೊಟ್ಟು ಒಂದು ಪ್ರಿಂಟ್ ತೆಗೆಸಿದೆ. ಕಪ್ಪು ಬಿಳುಪು. ನಮ್ಮ ಕಡೆ ಹೋಗುವ ಬಸ್ಸಿನ ಡ್ರೈವರಿನ ಕೈಗೆ ಕೊಟ್ಟು, ಇಂಥ ತಿರುವಿನಲ್ಲಿ ಅಮ್ಮ ನಿಂತಿರುತ್ತಾರೆ ಅಂದೆ. ಸಂಜೆ ಅಮ್ಮನ ಫೋನು ಬಂತು. ಕಾಗದ ಸಿಕ್ಕಿತು, ಅಪ್ಪನ ಟ್ರಂಕಿನಲ್ಲಿಟ್ಟೆ, ಆದರೆ ಫೋಟೋದಲ್ಲಿ ಒಂದು ಕಣ್ಣು ಅರ್ಧ ಮುಚ್ಚಿದೆ, ಬೇರೆ ತೆಗೆಯಕ್ಕಾಗಲ್ವಾ ಅಂತ.